ಟೂರಿಸ್ಟ್ ವೀಸಾದಲ್ಲಿ ಟೀಚರ್ ಕೆಲಸ



ಇವತ್ತು ಒಂದೇ ಒಂದು ಮಾತಿನ ಬಗ್ಗೆ ಮಾತಾಡ್ತೀನಿ. "ಮೊದಲು ಟೂರಿಸ್ಟ್ ವೀಸಾದಲ್ಲಿ ಹೋಗ್ಬಿಡಿ ಮೇಡಂ, ಕೆಲಸಕ್ಕೆ ಸೇರ್ಕೊಳ್ಳಿ, ಆಮೇಲೆ ಅಲ್ಲೇ ಕನ್ವರ್ಟ್ ಮಾಡಿಸ್ಕೊಡ್ತೀವಿ." ಈ ಮಾತನ್ನ ನಿಮ್ಮ ಮನೆಯಲ್ಲಿ ಯಾರಿಗಾದರೂ ಯಾರಾದರೂ ಹೇಳಿದ್ದರೆ, ದಯವಿಟ್ಟು ರಿಮೋಟ್ ಪಕ್ಕಕ್ಕಿಟ್ಟು ಕೂತ್ಕೊಳ್ಳಿ.

ಪ್ರತಿ ಮಕರ ಸಂಕ್ರಾಂತಿಗೆ ಗವಿಪುರಂನ ಗವಿ ಗಂಗಾಧರೇಶ್ವರನ ಗುಡಿ ಮುಂದೆ ಚಾನೆಲ್‌ಗಳ ಓಬಿ ವ್ಯಾನ್‌ಗಳು ಸಾಲಾಗಿ ನಿಲ್ಲೋದು ನಿಮಗೆ ಗೊತ್ತು. ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳೋದನ್ನ ನೇರ ಪ್ರಸಾರ ಮಾಡ್ತೀವಿ. ಈ ಸಲ ನಮ್ಮ ವರದಿಗಾರ ಅಲ್ಲಿ ಕಾಯ್ತಾ ನಿಂತಿದ್ದಾಗ ಸಾಲಿನಲ್ಲಿದ್ದ ಒಬ್ಬ ತಾಯಿ ಅವನನ್ನ ಕರೆದು ಮೊಬೈಲ್ ತೋರಿಸಿದ್ರು. ಗುಡಿಯಿಂದ ಎರಡು ರಸ್ತೆ ಆಚೆ ಅವರ ಮನೆ. ಮಗಳು ಬಿ.ಎ., ಬಿ.ಎಡ್., ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. "ಥೈಲ್ಯಾಂಡಲ್ಲಿ ಕೆಲಸ ಸಿಕ್ಕಿದೆ ಅಂತಾಳೆ ಕಣಪ್ಪಾ. ದುಡ್ಡು ಕಟ್ಟೋಕೆ ನನ್ನ ಬಳೆ ಅಡ ಇಟ್ಟಿದ್ದೀವಿ. ಆದ್ರೆ ಕಾಗದದಲ್ಲಿ ಎಲ್ಲಾ ಕಡೆ ಟೂರು ಟೂರು ಅಂತಿದೆ. ಇದು ಸರಿ ಇದೆಯಾ?"

ನಮ್ಮ ಹುಡುಗ ಆ ಮೆಸೇಜ್‌ಗಳನ್ನ ನನಗೆ ತಂದು ತೋರಿಸಿದ. ಒಂದು ಲಕ್ಷದ ಎಂಬತ್ತು ಸಾವಿರ ಫೀಸು. ಅದರಲ್ಲಿ 120 ಗಂಟೆಯ ಆನ್‌ಲೈನ್ ಕೋರ್ಸ್, ಒಂದು ಸರ್ಟಿಫಿಕೇಟ್, ಏರ್‌ಪೋರ್ಟ್ ಪಿಕಪ್ ಮತ್ತು "ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್". ಸಂಬಳ ತಿಂಗಳಿಗೆ 35 ಸಾವಿರ ಬಾತ್, ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರ ರೂಪಾಯಿಗೂ ಜಾಸ್ತಿ. ಇಲ್ಲಿ ಆ ಹುಡುಗಿಗೆ ಕೈಗೆ ಬರೋದು 16 ಸಾವಿರ, ಅದೂ ಬೇಸಿಗೆ ರಜೆಯಲ್ಲಿ ಇಲ್ಲ. ಹೋಗೋಕೆ ಮನಸ್ಸಾಗೋದು ಸಹಜ ಅಲ್ವಾ? "ದುರಾಸೆ" ಅಂತ ಬೈಯೋರಿಗೆ ನಾನು ಹೇಳೋದು ಇಷ್ಟೇ, ಒಂದು ವರ್ಷ ಆ 16 ಸಾವಿರದಲ್ಲಿ ಬಾಡಿಗೆ ಕಟ್ಟಿ ತೋರಿಸಿ ಸ್ವಾಮಿ. ಆ ಏಜೆಂಟ್ ಹೆಸರು ನಾನು ಹೇಳಲ್ಲ. ಒಬ್ಬನ ಹೆಸರು ಹೇಳಿದ್ರೆ ನೀವು ಅವನೊಬ್ಬನನ್ನ ಬಿಟ್ಟು ಪಕ್ಕದ ಗಲ್ಲಿಯ ಇನ್ನೊಬ್ಬನ ಹತ್ರ ಹೋಗ್ತೀರಿ.

ಈಗ ಆ ಮಾತಿಗೆ ಬರೋಣ. "ಅಲ್ಲೇ ಕನ್ವರ್ಟ್ ಮಾಡಿಸ್ಕೊಡ್ತೀವಿ."

ಇದು ಪೂರ್ತಿ ಸುಳ್ಳಲ್ಲ. ಅದೇ ಇದರ ಅಪಾಯ. ಥೈಲ್ಯಾಂಡ್ 2023ರ ನವೆಂಬರ್‌ನಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ ಬರೋಕೆ ಬಿಟ್ಟಿತು. 2024ರ ಜುಲೈನಲ್ಲಿ ಆ ಅವಧಿಯನ್ನ 30 ದಿನದಿಂದ 60ಕ್ಕೆ ಏರಿಸಿತು. ಹಾಗೆ ಹೋದವರಿಗೆ ಒಂದು ಶಾಲೆ ಎಲ್ಲಾ ದಾಖಲೆ ಕೊಟ್ಟರೆ, ದಿನ ಇನ್ನೂ ಬಾಕಿ ಇದ್ದರೆ, ಅಲ್ಲಿನ ಇಮಿಗ್ರೇಷನ್ ಕಚೇರಿಯಲ್ಲಿ 'ನಾನ್-ಇಮಿಗ್ರೆಂಟ್ ಬಿ' ಅನ್ನೋ ವೀಸಾಗೆ ಬದಲಾಯಿಸಿಕೊಳ್ಳೋ ದಾರಿ ಇದೆ. ಆದರೆ ಏಜೆಂಟ್ ಹೇಳದೇ ಬಿಟ್ಟ ಭಾಗ ಕೇಳಿ. ಆ ವೀಸಾ ಬಂದರೂ ಪಾಠ ಮಾಡೋ ಹಾಗಿಲ್ಲ. ಅದರ ಮೇಲೆ ವರ್ಕ್ ಪರ್ಮಿಟ್ ಬೇರೆ ಬೇಕು. ಟೀಚರ್ ಆದ್ದರಿಂದ ಅಲ್ಲಿನ ಶಿಕ್ಷಕರ ಮಂಡಳಿಯ ಲೈಸೆನ್ಸ್, ಇಲ್ಲಾ ತಾತ್ಕಾಲಿಕ ಅನುಮತಿ ಬೇರೆ ಬೇಕು. ಇವೆಲ್ಲ ಕೈಗೆ ಬರೋ ತನಕ ಒಂದು ದಿನ ಕ್ಲಾಸ್ ತಗೊಂಡರೂ ಅದು ಅಕ್ರಮ ಕೆಲಸ. ಶಾಲೆಗೋ ಟೀಚರ್ ಇವತ್ತೇ ಬೇಕು. ಹುಡುಗಿ ಸೋಮವಾರ ಇಳಿದರೆ ಮಂಗಳವಾರ ಚಾಕ್‌ಪೀಸ್ ಹಿಡಿದು ನಿಂತಿರ್ತಾಳೆ.

ಶಾಲೆಯವರು ಕಾಗದ ಕೊಡೋದು ಯಾಕೆ ತಡ ಮಾಡ್ತಾರೆ? ನಾನು ಇಂಜಿನಿಯರಿಂಗ್ ಓದಿದವನು, ಒಂದು ವ್ಯವಸ್ಥೆ ಕೆಟ್ಟಿದ್ದರೆ ಅದರಿಂದ ಯಾರಿಗೆ ಲಾಭ ಅಂತ ನೋಡೋ ಚಾಳಿ ಇದೆ. ಇಲ್ಲಿ ಲಾಭ ಶಾಲೆಗೆ. ಪರ್ಮಿಟ್ ಇರೋ ಟೀಚರ್‌ಗೆ ಕರಾರಿನ ಸಂಬಳ ಕೊಡಬೇಕು, ತೆರಿಗೆ ಕಟ್ಟಬೇಕು, ಸುಮ್ಮನೆ ತೆಗೆದುಹಾಕೋಕೆ ಆಗಲ್ಲ. ಪರ್ಮಿಟ್ ಇಲ್ಲದವಳಿಗೆ 35 ಸಾವಿರ ಹೇಳಿ 22 ಸಾವಿರ ಕೊಡಬಹುದು. ಒಂದು ತಿಂಗಳು ಕೊಡದೇ ಇರಬಹುದು. ಅವಳು ಯಾರ ಹತ್ರ ಹೋಗ್ತಾಳೆ? ಪೊಲೀಸ್ ಸ್ಟೇಷನ್‌ಗೆ ಹೋಗಿ "ನನಗೆ ಸಂಬಳ ಕೊಟ್ಟಿಲ್ಲ" ಅಂದ್ರೆ ಅವರ ಮೊದಲ ಪ್ರಶ್ನೆ, "ನಿನ್ನ ವರ್ಕ್ ಪರ್ಮಿಟ್ ಎಲ್ಲಿ?"

ವೀಕ್ಷಕರೇ, ವೀಸಾ ಅಂದ್ರೆ ಬರೀ ಏರ್‌ಪೋರ್ಟಲ್ಲಿ ಹಾಕೋ ಠಸ್ಸೆ ಅಂತ ನಾವು ಅಂದ್ಕೊಂಡಿದ್ದೀವಿ. ಜಗಳ ಆದ ದಿನ ಆ ದೇಶದ ಕಾನೂನು ಯಾರ ಪಕ್ಕ ನಿಲ್ಲುತ್ತೆ ಅನ್ನೋದು ಆ ಠಸ್ಸೆಯಲ್ಲೇ ತೀರ್ಮಾನ ಆಗಿರುತ್ತೆ. ಸರಿಯಾದ ವೀಸಾ ಇದ್ದರೆ ಮೋಸ ಮಾಡಿದ ಶಾಲೆ ಅಪರಾಧಿ. ಇಲ್ಲದಿದ್ದರೆ ಮೋಸ ಹೋದ ಟೀಚರ್ ಅಪರಾಧಿ.

ಶಿಕ್ಷೆ ಏನು ಅಂತ ಕೇಳ್ತೀರಾ? ಥೈಲ್ಯಾಂಡ್‌ನ 2017ರ ವಿದೇಶಿ ಕಾರ್ಮಿಕರ ಕಾನೂನು, ಮರುವರ್ಷದ ತಿದ್ದುಪಡಿ ಸೇರಿಸಿ, ಪರ್ಮಿಟ್ ಇಲ್ಲದೆ ಕೆಲಸ ಮಾಡಿದವರಿಗೆ 5,000ದಿಂದ 50,000 ಬಾತ್ ದಂಡ, ಗಡೀಪಾರು, ಅಲ್ಲಿಂದ ಎರಡು ವರ್ಷ ಹೊಸ ಪರ್ಮಿಟ್ ಇಲ್ಲ ಅನ್ನುತ್ತೆ. ಕೆಲಸ ಕೊಟ್ಟವರಿಗೂ ಒಬ್ಬೊಬ್ಬರಿಗೆ 10,000ದಿಂದ ಒಂದು ಲಕ್ಷ ಬಾತ್ ದಂಡ ಇದೆ, ಇಲ್ಲ ಅಂತಲ್ಲ. ಆದರೆ ದಂಡ ಕಟ್ಟಿದ ಶಾಲೆ ಮರುದಿನ ಬೆಲ್ ಹೊಡೆದು ಬಾಗಿಲು ತೆಗೆಯುತ್ತೆ, ಟೀಚರ್ ವಿಮಾನದಲ್ಲಿ ಕೂತಿರ್ತಾಳೆ. ದಿನ ಮುಗಿದ ಮೇಲೂ ಉಳಿದುಕೊಂಡಿದ್ದು ಪೊಲೀಸರ ಕೈಗೆ ಸಿಕ್ಕಿದರೆ ಅದು ಬೇರೆ ಕಥೆ. 2016ರಿಂದ ಇರೋ ನಿಯಮದ ಪ್ರಕಾರ ಒಂದು ವರ್ಷದೊಳಗಿನ ಓವರ್‌ಸ್ಟೇಗೆ ಐದು ವರ್ಷ, ಅದಕ್ಕೂ ಮೀರಿದ್ದರೆ ಹತ್ತು ವರ್ಷ ಆ ದೇಶಕ್ಕೆ ಕಾಲಿಡೋ ಹಾಗಿಲ್ಲ. ಚೀನಾ ಇನ್ನೂ ಬಿಗಿ. 2013ರ ಜುಲೈನಿಂದ ಜಾರಿಯಲ್ಲಿರೋ ಅವರ ಕಾನೂನಿನಲ್ಲಿ ಅಕ್ರಮ ಕೆಲಸಕ್ಕೆ 5,000ದಿಂದ 20,000 ಯುವಾನ್ ದಂಡ, ಪ್ರಕರಣ ಗಂಭೀರ ಅನ್ನಿಸಿದರೆ 5ರಿಂದ 15 ದಿನ ಲಾಕಪ್. ಭಾಷೆ ಗೊತ್ತಿಲ್ಲದ ಊರಲ್ಲಿ ಹದಿನೈದು ದಿನ ಲಾಕಪ್ ಅಂದ್ರೆ ಏನು ಅಂತ ಯೋಚನೆ ಮಾಡಿ. ಮುಂದೆ ಬೇರೆ ಯಾವುದೋ ದೇಶಕ್ಕೆ ಅರ್ಜಿ ಹಾಕಿದಾಗ "ನಿಮ್ಮನ್ನ ಎಲ್ಲಿಂದಾದರೂ ಗಡೀಪಾರು ಮಾಡಿದ್ದಾರಾ?" ಅನ್ನೋ ಕಾಲಂ ಬರುತ್ತಲ್ಲ, ಅಲ್ಲಿ "ಹೌದು" ಅಂತ ಬರೆಯಬೇಕು.

ಹಾಗಾದ್ರೆ ನಮ್ಮ ಸರ್ಕಾರ ಇಲ್ಲೇ ತಡೆಯಲ್ವಾ ಅಂತ ನೀವು ಕೇಳಬಹುದು. ಇಲ್ಲೊಂದು ವಿಚಿತ್ರ ಇದೆ.

ಕೆಲಸಕ್ಕಾಗಿ ಹೊರದೇಶಕ್ಕೆ ಹೋಗೋರ ರಕ್ಷಣೆಗೆ ನಮ್ಮಲ್ಲಿ 1983ರ ವಲಸೆ ಕಾಯ್ದೆ ಇದೆ. ಹತ್ತನೇ ಕ್ಲಾಸ್ ಪಾಸಾಗದ ಗಾರೆ ಕೆಲಸದವನು ಕುವೈತ್‌ಗೆ ಹೊರಟರೆ ಅವನ ಪಾಸ್‌ಪೋರ್ಟ್ 'ಇ.ಸಿ.ಆರ್.' ವರ್ಗದ್ದು. ಗಲ್ಫ್ ದೇಶಗಳು, ಮಲೇಷ್ಯಾ, ಥೈಲ್ಯಾಂಡ್ ಎಲ್ಲಾ ಸೇರಿ 18 ದೇಶಗಳಿಗೆ ಅವನು ಕೆಲಸಕ್ಕೆ ಹೋಗಬೇಕಾದರೆ ವಲಸೆ ರಕ್ಷಣಾಧಿಕಾರಿಯ ಒಪ್ಪಿಗೆ ಬೇಕು. ಕರಾರು ನೋಡ್ತಾರೆ, ಸಂಬಳ ನೋಡ್ತಾರೆ, ಹತ್ತು ಲಕ್ಷದ ವಿಮೆ ಕಡ್ಡಾಯ. ಅದೇ ನಮ್ಮ ಗವಿಪುರಂ ಹುಡುಗಿ ಡಿಗ್ರಿ ಮಾಡಿದವಳು. ಹತ್ತನೇ ಕ್ಲಾಸ್ ಪಾಸಾದ ದಿನವೇ ಅವಳು ಈ ತಪಾಸಣೆಯಿಂದ ಹೊರಗೆ. ಓದಿದವರು ಬುದ್ಧಿವಂತರು, ಅವರನ್ನ ಅವರೇ ನೋಡ್ಕೋತಾರೆ ಅನ್ನೋದು ಕಾಯ್ದೆಯ ನಂಬಿಕೆ! 2018ರ ನವೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ಒಂದು ಪ್ರಯತ್ನ ಮಾಡಿತು. ಓದಿದವರೂ ಈ 18 ದೇಶಗಳಿಗೆ ಕೆಲಸಕ್ಕೆ ಹೋಗೋದಾದರೆ ಹೊರಡೋ 24 ಗಂಟೆ ಮುಂಚೆ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿಸ್ಲೇಬೇಕು ಅಂತ. ಗದ್ದಲ ಆಯ್ತು, ಅದೇ ತಿಂಗಳು ಆದೇಶ ತಡೆಹಿಡಿದರು. ಈಗ ಇಷ್ಟ ಇದ್ದರೆ ಮಾಡಬಹುದು ಅಷ್ಟೇ. ಇನ್ನು ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್ ಆ 18ರ ಪಟ್ಟಿಯಲ್ಲೇ ಇಲ್ಲ.

ಆದರೆ ಏಜೆಂಟನ ವಿಷಯದಲ್ಲಿ ಕಾಯ್ದೆ ಸ್ಪಷ್ಟವಾಗಿದೆ. ಹೊರದೇಶದ ಕೆಲಸಕ್ಕೆ ಜನ ಕಳಿಸೋನು ನೋಂದಾಯಿತ ಏಜೆಂಟ್ ಆಗಿರಲೇಬೇಕು. ಗಾರೆ ಕೆಲಸದವನನ್ನ ಕಳಿಸಿದರೂ ಅಷ್ಟೇ, ಇಂಗ್ಲಿಷ್ ಟೀಚರ್ ಕಳಿಸಿದರೂ ಅಷ್ಟೇ. ಅವನು ತಗೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30 ಸಾವಿರ, ಮೇಲೆ ಜಿಎಸ್‌ಟಿ. ಹಾಗಾದ್ರೆ ಆ ಒಂದು ಲಕ್ಷದ ಎಂಬತ್ತು ಸಾವಿರ ಎಲ್ಲಿಂದ ಬಂತು? ಬಿಲ್ ನೋಡಿದ್ರೆ ಅದರಲ್ಲಿ 'ರಿಕ್ರೂಟ್‌ಮೆಂಟ್' ಅನ್ನೋ ಪದವೇ ಇಲ್ಲ. "ಕೋರ್ಸ್ ಫೀ". ನಾವು ತರಬೇತಿ ಸಂಸ್ಥೆ ಸಾರ್, ಕೆಲಸ ಕೊಡಿಸೋರಲ್ಲ, ದಾರಿ ತೋರಿಸ್ತೀವಿ ಅಷ್ಟೇ ಅಂತಾರೆ. ನಾಳೆ ಹುಡುಗಿ ಬ್ಯಾಂಕಾಕ್‌ನಲ್ಲಿ ಸಿಕ್ಕಿಹಾಕ್ಕೊಂಡರೆ ಇದೇ ಬಿಲ್ ಅವನಿಗೆ ಗುರಾಣಿ. ನೋಂದಣಿ ಇಲ್ಲದೆ ಜನ ಕಳಿಸಿದವನಿಗೆ ಕಾಯ್ದೆಯಲ್ಲಿ ಶಿಕ್ಷೆ ಎರಡು ವರ್ಷದವರೆಗೆ ಜೈಲು, ದಂಡ ಎಷ್ಟು ಗೊತ್ತಾ? ಎರಡು ಸಾವಿರ ರೂಪಾಯಿವರೆಗೆ. ಎರಡು ಲಕ್ಷ ಅಲ್ಲ ಸ್ವಾಮಿ, ಎರಡು ಸಾವಿರ. 1983ರಲ್ಲಿ ಬರೆದದ್ದು ಇನ್ನೂ ಅಲ್ಲೇ ಕೂತಿದೆ. 2025ರಲ್ಲಿ ಹೊಸ ಮಸೂದೆಯ ಕರಡು ಹೊರಗೆ ಬಂದಿದೆ. ನಮ್ಮ ಸಂಸದರು ಅದರ ಮೇಲೆ ಮಾತಾಡೋ ದಿನ ಈ ಎರಡು ಸಾವಿರ ರೂಪಾಯಿಯನ್ನ ನೆನಪಿಟ್ಟುಕೊಳ್ಳಲಿ.

ಎಲ್ಲರಿಗೂ ಅತಿ ಕೆಟ್ಟದ್ದೇ ಆಗುತ್ತೆ ಅಂತ ನಾನು ಹೆದರಿಸಲ್ಲ. ಹೆಚ್ಚಿನವರು ದುಡ್ಡು ಕಳ್ಕೊಂಡು, ಅವಮಾನ ಪಟ್ಟು, ಯಾರಿಗೂ ಹೇಳದೇ ವಾಪಸ್ ಬರ್ತಾರೆ. ಆದರೆ ಇದೇ ದಾರಿಯ ಕೊನೆಯಲ್ಲಿ ಇನ್ನೊಂದು ಊರಿದೆ. ಥೈಲ್ಯಾಂಡ್‌ನ ಮೇ ಸೋಟ್, ಸಣ್ಣ ನದಿ ದಾಟಿದರೆ ಮ್ಯಾನ್ಮಾರ್‌ನ ಮ್ಯಾವಾಡಿ. 2022ರ ಸೆಪ್ಟೆಂಬರ್‌ನಲ್ಲೇ ವಿದೇಶಾಂಗ ಸಚಿವಾಲಯ ಎಚ್ಚರಿಕೆ ಕೊಟ್ಟಿತ್ತು, ಥೈಲ್ಯಾಂಡ್‌ನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಅಂತ ಕರೆದುಕೊಂಡು ಹೋಗಿ ಗಡಿ ದಾಟಿಸಿ ಸೈಬರ್ ವಂಚನೆಗೆ ಕೂರಿಸ್ತಿದ್ದಾರೆ ಅಂತ. 2025ರ ಮಾರ್ಚ್ 10 ಮತ್ತು 11ರಂದು ವಾಯುಪಡೆಯ ವಿಮಾನಗಳು ಮೇ ಸೋಟ್‌ನಿಂದ 549 ಭಾರತೀಯರನ್ನ ಕರ್ಕೊಂಡು ಬಂದವು. ಅವರಿಗೆ ಹೇಳಿದ್ದು ಟೀಚರ್ ಕೆಲಸ ಅಲ್ಲ. ಆದರೆ ವಿಧಾನ ಒಂದೇ. ಕೈಯಲ್ಲಿ ಪ್ರವಾಸಿ ಕಾಗದ, ಬಾಯಲ್ಲಿ ಕೆಲಸದ ಭರವಸೆ, ಇಳಿದ ಮೇಲೆ ಬೇರೆ ಕಾರು.

ಅಷ್ಟು ದೂರ ಯಾಕೆ, ನಮ್ಮ ಕಲಬುರಗಿ ನೋಡಿ. ಸಹಾಯಕನ ಕೆಲಸ, ಸೆಕ್ಯೂರಿಟಿ ಕೆಲಸ ಅಂತ ನಂಬಿ ರಷ್ಯಾಗೆ ಹೋದ ಮೂವರು ಯುವಕರು ಯುಕ್ರೇನ್ ಯುದ್ಧದ ಗಡಿಗೆ ಬಿದ್ದರು. 2024ರ ಆರಂಭದಲ್ಲಿ ಅವರ ಮನೆಯವರು ಕ್ಯಾಮೆರಾ ಮುಂದೆ ಅತ್ತರು, ಸೆಪ್ಟೆಂಬರ್‌ನಲ್ಲಿ ಹುಡುಗರು ಊರು ಸೇರಿದರು. ಅವರಿಗೂ ಮಾತು ಒಂದು, ಕಾಗದ ಒಂದು. ಆ ಕಾಗದವೂ ಅವರಿಗೆ ಓದೋಕೆ ಬಾರದ ಭಾಷೆಯಲ್ಲಿತ್ತು.

ಇದು ಬರೀ ಕಷ್ಟದಲ್ಲಿರೋ ಹುಡುಗ ಹುಡುಗಿಯರ ಕಥೆ ಅಂದ್ಕೋಬೇಡಿ. ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆಯಿಂದ ಎಷ್ಟೋ ಹೆಣ್ಣುಮಕ್ಕಳು ಗಂಡನ ಜೊತೆ ದುಬೈಗೆ, ಅಮೆರಿಕಕ್ಕೆ ಹೋಗಿದ್ದಾರೆ. ಓದಿದ್ದಾರೆ, ಮನೆಯಲ್ಲಿ ಕೂತಿರೋಕೆ ಬೇಜಾರು. ಅಕ್ಕಪಕ್ಕದ ನಾಲ್ಕು ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳ್ತಾರೆ, ದುಡ್ಡು ತಗೋತಾರೆ. ಮನೆಯೊಳಗೇ ತಾನೆ ಅನ್ನೋ ಧೈರ್ಯ. ಯುಎಇ 2023ರ ಡಿಸೆಂಬರ್‌ನಲ್ಲಿ ಖಾಸಗಿ ಟ್ಯೂಷನ್ ಹೇಳೋರಿಗೇ ಅಂತ ಪರ್ಮಿಟ್ ತಂದಿದೆ. ಎರಡು ವರ್ಷದ ಅವಧಿ, ಫೀಸೇ ಇಲ್ಲ. ಕೆಲಸದಲ್ಲಿ ಇಲ್ಲದವರೂ ಅರ್ಜಿ ಹಾಕಬಹುದು. ಪುಕ್ಕಟೆ ಸಿಗೋ ಕಾಗದ ತಗೊಳ್ಳದೇ ಗಂಡನ ನೌಕರಿಗೂ ಸಂಚಕಾರ ತಂದ್ಕೊಳ್ಳೋದು ಯಾಕಮ್ಮಾ? ಅಮೆರಿಕದಲ್ಲಿ ಎಚ್-4 ವೀಸಾದಲ್ಲಿ ಇರೋರ ಕಥೆ ಬೇರೆ. 2015ರ ಮೇ ತಿಂಗಳಿಂದ ಅವರಲ್ಲಿ ಕೆಲವರಿಗೆ ಮಾತ್ರ ಕೆಲಸದ ಅನುಮತಿ ಸಿಗುತ್ತೆ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಎಷ್ಟು ಮುಂದೆ ಹೋಗಿದೆ ಅನ್ನೋದರ ಮೇಲೆ. ಆ ಅನುಮತಿ ಇಲ್ಲದೆ ದುಡ್ಡು ತಗೊಂಡು ಪಾಠ ಹೇಳಿದರೆ ನಾಳೆ ಅದೇ ಗ್ರೀನ್ ಕಾರ್ಡ್‌ಗೆ ತೊಡಕು. ಭಾನುವಾರ ಕನ್ನಡ ಕೂಟದಲ್ಲಿ ಮಕ್ಕಳಿಗೆ ಬಿಡಿಗಾಸೂ ತಗೊಳ್ಳದೆ ಅ ಆ ಇ ಈ ಹೇಳಿಕೊಡೋದಕ್ಕೂ ಇದಕ್ಕೂ ಹೋಲಿಸಬೇಡಿ.

ಬೇರೆ ದೇಶದವರು ಕ್ರೂರಿಗಳು ಅಂತ ಬೈಯೋಕೆ ಮುಂಚೆ ನಮ್ಮ ನಿಯಮವನ್ನೂ ನೋಡಬೇಕು. ಒಬ್ಬ ವಿದೇಶಿ ನಮ್ಮ ಬೆಂಗಳೂರಿನ ಶಾಲೆಯಲ್ಲಿ ಟೂರಿಸ್ಟ್ ವೀಸಾ ಇಟ್ಕೊಂಡು ಪಾಠ ಮಾಡಿದರೆ ನಾವೂ ಹೊರಗೆ ಕಳಿಸ್ತೀವಿ. ಉದ್ಯೋಗ ವೀಸಾ ಬೇಕಾದರೆ ವರ್ಷಕ್ಕೆ ಕನಿಷ್ಠ 16.25 ಲಕ್ಷ ಸಂಬಳ ಇರಬೇಕು ಅಂತ ಭಾರತ ಇಟ್ಟ ಷರತ್ತಿನಲ್ಲಿ ಭಾಷಾ ಶಿಕ್ಷಕರಿಗೆ ವಿನಾಯಿತಿ ಕೊಟ್ಟಾಗ, ಇಂಗ್ಲಿಷ್ ಶಿಕ್ಷಕರನ್ನ ಬಿಟ್ಟು ಅಂತಲೇ ಬರೆದಿದ್ದಾರೆ. ಜಪಾನಿ ಕಲಿಸೋಕೆ ಬನ್ನಿ, ಇಂಗ್ಲಿಷ್ ಕಲಿಸೋರು ನಮ್ಮಲ್ಲೇ ಬೇಕಾದಷ್ಟು ಜನ ಇದ್ದಾರೆ! ಅಂಥ ಜನರಲ್ಲೇ ಒಬ್ಬಳು ನಮ್ಮ ಗವಿಪುರಂ ಹುಡುಗಿ.

ಸರಿ, ನೇರ ದಾರಿ ಇಲ್ವಾ? ಇದೆ, ಸ್ವಲ್ಪ ಉದ್ದ. ಕೊರಿಯಾ ಇಂಗ್ಲಿಷ್ ಟೀಚರ್ ವೀಸಾ ಕೊಡೋದು ಅಮೆರಿಕ, ಬ್ರಿಟನ್ ಥರದ ಏಳು ದೇಶದವರಿಗೆ. ಆದರೆ 2010ರ ಜನವರಿ 1ರಿಂದ ಜಾರಿಯಲ್ಲಿರೋ ಭಾರತ–ಕೊರಿಯಾ ಒಪ್ಪಂದದಲ್ಲಿ ನಮಗೂ ಒಂದು ಬಾಗಿಲಿದೆ. ಡಿಗ್ರಿ ಜೊತೆಗೆ ಶಿಕ್ಷಕ ಅರ್ಹತೆ ಇರೋ ಭಾರತೀಯರು ಸಹಾಯಕ ಇಂಗ್ಲಿಷ್ ಶಿಕ್ಷಕರಾಗಿ ಹೋಗಬಹುದು. ಅಂದ್ರೆ ಏಜೆಂಟ್ ಕೊಟ್ಟ 120 ಗಂಟೆಯ ಸರ್ಟಿಫಿಕೇಟ್‌ಗಿಂತ ಆ ಹುಡುಗಿಯ ಬಿ.ಎಡ್.ಗೆ ಬೆಲೆ ಜಾಸ್ತಿ. ಪಕ್ಕದ ಮಾಲ್ಡೀವ್ಸ್ ನೋಡಿ, ಅಲ್ಲಿನ ಡಾಕ್ಟರ್‌ಗಳು, ಶಿಕ್ಷಕರಲ್ಲಿ ಸುಮಾರು ಕಾಲು ಭಾಗ ಭಾರತೀಯರೇ. ಹಿಂದೆ ಹೈಲೆ ಸೆಲಾಸಿ ಕಾಲದಲ್ಲಿ ಇಥಿಯೋಪಿಯಾದ ಶಾಲೆಗಳನ್ನ ನಡೆಸಿದ್ದೇ ನಮ್ಮ ಮೇಷ್ಟ್ರುಗಳು, ಅದರಲ್ಲೂ ಕೇರಳದವರು. ಅವರಿಗೆ ಮೊದಲು ಕೈಗೆ ಬಂದದ್ದು ಸರ್ಕಾರದ ನೇಮಕಾತಿ, ಆಮೇಲೆ ಪ್ರಯಾಣ. ಇವತ್ತಿಗೂ ಕ್ರಮ ಅದೇ ಇರಬೇಕು. ಥೈಲ್ಯಾಂಡ್‌ಗೇ ಹೋಗಬೇಕಾ? ಹೋಗಲಿ. ಶಾಲೆಯ ಪತ್ರ ತರಿಸಿಕೊಂಡು, ಇಲ್ಲೇ ಥೈಲ್ಯಾಂಡ್ ದೂತಾವಾಸದ ಮೂಲಕ ಕೆಲಸದ ವೀಸಾ ಹಾಕಿಸಿಕೊಂಡು ಹೋಗಲಿ. ಒಳ್ಳೆ ಶಾಲೆ ಆದರೆ ಎರಡು ತಿಂಗಳು ಕಾಯುತ್ತೆ. ಕಾಯದ ಶಾಲೆ ಯಾಕೆ ಕಾಯ್ತಿಲ್ಲ ಅಂತ ಆಗಲೇ ಹೇಳಿದೆ.

ನಮ್ಮ ವರದಿಗಾರ ಆ ತಾಯಿಗೆ ಹೇಳಿ ಬಂದದ್ದು ಎರಡೇ ಮಾತು. ಏಜೆಂಟನ ನೋಂದಣಿ ಸಂಖ್ಯೆ ಕೇಳಿ, ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಆ ಹೆಸರು ಇದೆಯಾ ಅಂತ ಮಗಳ ಕೈಲೇ ನೋಡಿಸಿ. ಮತ್ತೆ ಶಾಲೆಯ ಫೋನ್ ನಂಬರ್ ಏಜೆಂಟ್ ಕೊಟ್ಟದ್ದು ಬೇಡ, ಶಾಲೆಯ ಸ್ವಂತ ಜಾಲತಾಣದಿಂದ ತೆಗೆದು ನೇರ ಮಾತಾಡಿಸಿ. ಅನುಮಾನ ಇದ್ದರೆ ಪ್ರವಾಸಿ ಭಾರತೀಯ ಸಹಾಯ ಕೇಂದ್ರದ ಉಚಿತ ನಂಬರ್ ಇದೆ, 1800 11 3090, ಬರ್ಕೊಳ್ಳಿ. ಸ್ಕ್ರೀನ್ ಮೇಲೂ ಬರ್ತಾ ಇದೆ.

ಕೊನೆಯದಾಗಿ, ಈಗಾಗಲೇ ಅಲ್ಲಿ ಹೋಗಿ ಕೂತು ಈ ಕಾರ್ಯಕ್ರಮವನ್ನ ಯೂಟ್ಯೂಬಲ್ಲಿ ನೋಡ್ತಿರೋ ಮಕ್ಕಳಿಗೆ. ನಿಮ್ಮ ದಿನ ಮುಗಿಯೋ ಮುಂಚೆ ಹೊರಡಿ. ಬಾರ್ಡರ್ ದಾಟಿ ಮತ್ತೆ ಒಳಗೆ ಬಂದು ಇನ್ನೊಂದು ಠಸ್ಸೆ ಹಾಕಿಸ್ಕೊಳ್ಳೋ ಆಟ ಒಂದು ಸಲ ನಡೆಯಬಹುದು, ಮೂರನೇ ಸಲ ಕೌಂಟರಿನಲ್ಲಿರೋ ಅಧಿಕಾರಿ ತಲೆ ಎತ್ತಿ ನೋಡ್ತಾನೆ. ಟಿಕೆಟ್‌ಗೆ ದುಡ್ಡಿಲ್ಲ ಅಂದ್ರೆ ನಮ್ಮ ರಾಯಭಾರ ಕಚೇರಿಗೆ ಹೋಗಿ. ಅಲ್ಲಿ ಕಷ್ಟದಲ್ಲಿರೋ ಭಾರತೀಯರಿಗೆ ಅಂತಲೇ 2009ರಿಂದ ಒಂದು ಕಲ್ಯಾಣ ನಿಧಿ ಇದೆ. ಅರ್ಹರಾದವರಿಗೆ ಊರಿಗೆ ಬರೋ ಟಿಕೆಟ್ಟಿಗೂ ಅದರಿಂದ ಕೊಡ್ತಾರೆ. 'ಮದದ್' ಜಾಲತಾಣದಲ್ಲಿ ದೂರು ಹಾಕಿ, ನಂಬರ್ ಇಟ್ಟುಕೊಳ್ಳಿ, ಮನೆಯವರಿಗೂ ಕಳಿಸಿ. ಪಾಸ್‌ಪೋರ್ಟನ್ನ ಶಾಲೆಯವರು ಬೀರುವಿನಲ್ಲಿ ಇಟ್ಟುಕೊಂಡಿದ್ದರೆ ಇವತ್ತೇ ವಾಪಸ್ ಕೇಳಿ. ಕೊಡಲ್ಲ ಅಂದ್ರೆ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ಹೇಳಿ. ಅದು ಶಾಲೆಯದ್ದೂ ಅಲ್ಲ, ನಿಮ್ಮದೂ ಅಲ್ಲ, ಭಾರತ ಸರ್ಕಾರದ ಆಸ್ತಿ. ಆಗಲೂ ಕೊಡದಿದ್ದರೆ ರಾಯಭಾರ ಕಚೇರಿಗೆ ಹೋದಾಗ ಮೊದಲು ಹೇಳಬೇಕಾದ ವಿಷಯ ಅದು, ಸಂಬಳದ ಮಾತು ಆಮೇಲೆ.